ಹಾಡುಗಾರ್ತಿ ಮತ್ತು ಧ್ವನಿಮುದ್ರಿಕೆ: ಸುಕ್ರಿ ಬೊಮ್ಮಗೌಡರ ನಿದರ್ಶನ ಹಾಗೂ ಕಲಬುರಗಿ ಪರಿಸರದ ಕ್ಷೇತ್ರಕಾರ್ಯ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಬಡಿಗೇರಿಯ ಹಾಲಕ್ಕಿ ಒಕ್ಕಲಿಗ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿ 13ರಂದು ನಿಧನರಾದರು. ಬಾಲ್ಯದಲ್ಲಿ ತಾಯಿಯಿಂದ ಕಲಿತ ಹಾಡುಗಳನ್ನು ಅವರು ಬದುಕಿನುದ್ದಕ್ಕೂ ನೆನಪಿನಲ್ಲಿಯೇ ಉಳಿಸಿಕೊಂಡು ಬಂದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಪುರಸ್ಕಾರ ದೊರೆಯಿತು. ಕಾರವಾರ ಆಕಾಶವಾಣಿಯು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದೆ. ಹಾಡುಗಾರ್ತಿ ಇಲ್ಲವಾದ ಮೇಲೆ ಅವರ ಧ್ವನಿಮುದ್ರಿಕೆಗಳು ಏನನ್ನು ಉಳಿಸುತ್ತವೆ, ಏನನ್ನು ಉಳಿಸಲಾರವು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಮುಖ್ಯವಾದುದು. ಕಲಬುರಗಿ ನಗರದಿಂದ ಕಮಲಾಪುರದಂತಹ ಕಡೆಗೆ ಕ್ಷೇತ್ರಕಾರ್ಯಕ್ಕೆ ತೆರಳುವ ಸಂಶೋಧಕರಿಗೂ ಇದು ತುರ್ತಿನ ಪ್ರಶ್ನೆಯೇ. ಪ್ರಸ್ತುತ ಲೇಖನದ ಉದ್ದೇಶ ಇದನ್ನು ವಿವೇಚಿಸುವುದಾಗಿದೆ.

1. ಮುದ್ರಿತ ಪಠ್ಯದ ಮಿತಿ

ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಹೆಣ್ಣುಮಕ್ಕಳ ಹಾಡುಗಳಿಗೆ ಸಾಹಿತ್ಯಲೋಕದಲ್ಲಿ ಸ್ಥಾನ ದೊರಕಿಸಿಕೊಟ್ಟ ಸಂಕಲನ. ಆದರೆ ಅಚ್ಚಿನಲ್ಲಿ ಕಾಣುವ ತ್ರಿಪದಿಗೂ ಬೀಸುಕಲ್ಲಿನ ಮುಂದೆ ಕೇಳುವ ತ್ರಿಪದಿಗೂ ವ್ಯತ್ಯಾಸವಿದೆ. ಛಂದಸ್ಸಿನ ಪ್ರಕಾರ ತ್ರಿಪದಿಯಲ್ಲಿ ಹನ್ನೊಂದು ಅಂಶಗಣಗಳು. ಅವುಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲು ಮರುಕಳಿಸುವುದರಿಂದ ಮೂರು ಸಾಲಿನ ಪದ್ಯ ನಾಲ್ಕು ಸಾಲಿನಷ್ಟು ವಿಸ್ತಾರ ಪಡೆಯುತ್ತದೆ. ಬರಹದಲ್ಲಿ ಗಣ ತಪ್ಪಿದಂತೆ ತೋರುವ ಎಡೆಯನ್ನು ಹಾಡುಗಾರ್ತಿ ಸ್ವರವನ್ನು ಎಳೆದೋ ಅಕ್ಷರವನ್ನು ತೇಲಿಸಿಯೋ ಸರಿದೂಗಿಸುತ್ತಾಳೆ. ಹಾಗಾಗಿ ಅಂಶಗಣದ ನಿಜವಾದ ಪ್ರಮಾಣ ಕಂಠದಲ್ಲಿದೆಯೇ ಹೊರತು ಲಿಪಿಯಲ್ಲಿಲ್ಲ. ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ನಾವು ಗುರುತಿಸುತ್ತ ಬಂದಿರುವ ಈ ಛಂದೋರೂಪವನ್ನು ಅರಿಯುವಲ್ಲಿ ಧ್ವನಿಮುದ್ರಿಕೆ ಕೇವಲ ಪೂರಕ ಸಾಮಗ್ರಿಯಲ್ಲ, ಅದು ಮೂಲ ಆಕರ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. 'ಗರತಿ' ಎಂಬುದು ಒಂದು ಸಮೂಹದ ಹೆಸರು. 'ಜನಪದರ ಕರ್ತೃ ಅಜ್ಞಾತ' ಎಂಬ ನಮ್ಮ ವಾಡಿಕೆಯ ಮಾತಿನಿಂದಾಗಿ ಹಾಡನ್ನು ಕಟ್ಟಿದವಳ ಜೊತೆಗೆ ಅದನ್ನು ಕಾಪಾಡಿ ಹಾಡಿದವಳೂ ಮರೆಯಾಗುತ್ತಾಳೆ. ಧ್ವನಿಮುದ್ರಣ ಈ ಮರೆಯನ್ನು ಸರಿಸಬಲ್ಲುದು. ಏಕೆಂದರೆ ಧ್ವನಿ ಒಬ್ಬ ವ್ಯಕ್ತಿಗೆ ಸೇರಿದ್ದು.

2. ಸುಕ್ರಿಯವರ ಹಾಡು: ಸಂದರ್ಭ ಮತ್ತು ದಾಖಲೆ

ಹಾಲಕ್ಕಿ ಸಮುದಾಯದಲ್ಲಿ ಹಾಡು ಮದುವೆ, ಹಬ್ಬ, ಬೇಸಾಯಗಳ ಭಾಗವಾಗಿಯೇ ಬೆಳೆದುಬಂದಿದೆ. ಹೆಂಗಸರ ತಾರ್ಲೆ ಕುಣಿತದಲ್ಲಿ ಹಾಡನ್ನೂ ಹೆಜ್ಜೆಯನ್ನೂ ಬೇರ್ಪಡಿಸಲಾಗದು. ಇಂತಹ ಹಾಡನ್ನು ಧ್ವನಿಮುದ್ರಣ ಕೊಠಡಿಗೆ ತಂದಾಗ ಹಾಲಕ್ಕಿ ಕನ್ನಡದ ಉಚ್ಚಾರ, ಧಾಟಿ, ಉಸಿರಿನ ನಿಲುಗಡೆಗಳು ಉಳಿಯುತ್ತವೆ. ಹೆಜ್ಜೆ, ಸೊಲ್ಲು ಹಿಡಿಯುವ ಸಂಗಾತಿಯರು ಮತ್ತು ಹಾಡಿಗೆ ಕಾರಣವಾದ ಕೆಲಸ ಉಳಿಯುವುದಿಲ್ಲ.

ಸುಕ್ರಿಯವರು ತಮ್ಮ ಊರಿನಲ್ಲಿ ಮದ್ಯಪಾನ ವಿರೋಧಿ ಹೋರಾಟದ ಮುಂಚೂಣಿಯಲ್ಲಿದ್ದವರು. ಮದುವೆಯ ಚಪ್ಪರದಲ್ಲಿ ಹಾಡಿದ ಕಂಠವೇ ಹೋರಾಟದಲ್ಲಿಯೂ ಮೊಳಗಿತು. 'ಮದುವೆ ಹಾಡು', 'ಕೃಷಿ ಹಾಡು' ಎಂಬ ವರ್ಗೀಕರಣವಷ್ಟೇ ಇರುವ ದಾಖಲೆಯಿಂದ ಹಾಡುಗಾರ್ತಿಯ ಈ ಸಾರ್ವಜನಿಕ ವ್ಯಕ್ತಿತ್ವ ತಿಳಿಯುವುದಿಲ್ಲ. ಹಾಡಿನ ಜೊತೆಗೆ ಅವಳ ಬದುಕೂ ದಾಖಲಾಗಬೇಕೆಂಬುದು ಈ ನಿದರ್ಶನದಿಂದ ಸ್ಪಷ್ಟವಾಗುತ್ತದೆ.

3. ಕಲಬುರಗಿ ಮತ್ತು ಕಮಲಾಪುರ

ಕಲಬುರಗಿಯಲ್ಲಿ 1966ರಿಂದ ಆಕಾಶವಾಣಿ ಕೇಂದ್ರವಿದೆ. 1980ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2018ರಲ್ಲಿ ತಾಲೂಕಾದ ಕಮಲಾಪುರ ನಗರಕ್ಕೆ ಸಮೀಪದಲ್ಲಿಯೇ ಇದೆ. ಈ ಭಾಗದ ಹೆಣ್ಣುಮಕ್ಕಳ ಪರಂಪರೆಯಲ್ಲಿ ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಜೋಗುಳಗಳು ಸೇರಿವೆ. ಉರ್ದು, ಮರಾಠಿ, ತೆಲುಗು ಪದಗಳು ಬೆರೆತ ಇಲ್ಲಿಯ ಆಡುನುಡಿಯ ಸೊಗಡು ಅಚ್ಚಿಗೆ ಬರುವಾಗ ಶಿಷ್ಟರೂಪಕ್ಕೆ ತಿದ್ದಲ್ಪಡುವ ಸಂಭವ ಹೆಚ್ಚು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಹಾಡುತ್ತಿದ್ದ ಕ್ರಮವನ್ನು ಬಲ್ಲವರು ಈಗ ಬಹುಪಾಲು ವಯೋವೃದ್ಧರು. ಅವರು ನೆನಪಿನಿಂದ ಹಾಡಿದರೂ ಕಲ್ಲಿನ ಸುತ್ತಿನ ಲಯವಿಲ್ಲದೆ ಹಾಡಿನ ನಡೆ ಬದಲಾಗುತ್ತದೆ. ಸಾಧ್ಯವಿದ್ದಲ್ಲಿ ಬೀಸುಕಲ್ಲಿನ ಮುಂದೆಯೇ, ಜೊತೆಗಾತಿಯೊಡನೆಯೇ ಮುದ್ರಿಸಿಕೊಳ್ಳುವುದು ಅಗತ್ಯ.

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯದಲ್ಲಿ ಪಾಲಿಸಬೇಕಾದ ಕ್ರಮಗಳನ್ನು ಹೀಗೆ ಸೂಚಿಸಬಹುದು:

ಅ) ಹಾಡುಗಾರ್ತಿಯ ಒಪ್ಪಿಗೆ ಪಡೆದು, ಆಕೆ ಬಯಸಿದಲ್ಲಿ ಆಕೆಯ ಹೆಸರಿನಲ್ಲಿಯೇ ದಾಖಲಿಸುವುದು.
ಆ) ಯಾರಿಂದ ಕಲಿತಳು, ಯಾವ ಕೆಲಸದಲ್ಲಿ ಹಾಡುತ್ತಿದ್ದಳು, ಸೊಲ್ಲು ಹಿಡಿದವರು ಯಾರು ಎಂಬುದನ್ನು ಅವಳ ಮಾತಿನಲ್ಲಿಯೇ ಮುದ್ರಿಸುವುದು.
ಇ) ಮರುಕಳಿಕೆ, ತಡವರಿಕೆ, ನಡುವಿನ ಮಾತುಗಳನ್ನು ಕತ್ತರಿಸದಿರುವುದು.
ಈ) ಲಿಪ್ಯಂತರದಲ್ಲಿ ಆಡುನುಡಿಯನ್ನು ತಿದ್ದದಿರುವುದು.
ಉ) ಹಳೆಯ ಕ್ಯಾಸೆಟ್, ಟೇಪುಗಳು ಶಿಥಿಲವಾಗುವ ಮುನ್ನ ಡಿಜಿಟಲ್ ರೂಪಕ್ಕೆ ತಂದು ಎರಡು ಕಡೆ ಕಾಪಿಡುವುದು, ಒಂದು ಪ್ರತಿಯನ್ನು ಹಾಡುಗಾರ್ತಿಯ ಮನೆಗೆ ಮರಳಿಸುವುದು.

ಕೊನೆಯ ಅಂಶ ಸೌಜನ್ಯಕ್ಕಷ್ಟೇ ಸಂಬಂಧಿಸಿದ್ದಲ್ಲ. ಸುಕ್ರಿಯವರು ತಾಯಿಯ ಬಾಯಿಂದ ಹಾಡು ಕಲಿತರು. ಅಂತಹ ಕಲಿಕೆಯ ಸರಪಳಿ ಕಡಿದಿರುವ ಊರುಗಳಲ್ಲಿ ಮೊಮ್ಮಗಳು ಅಜ್ಜಿಯ ಹಾಡನ್ನು ಕಲಿಯಬೇಕಾದರೆ ಧ್ವನಿಮುದ್ರಿಕೆಯೇ ಗತಿ. ಸಂಶೋಧಕನ ಕಪಾಟಿನಲ್ಲಿ ಉಳಿದ ಮುದ್ರಿಕೆ ಪ್ರಬಂಧಕ್ಕೆ ಆಕರವಾದೀತು. ಊರಿಗೆ ಮರಳಿದ ಮುದ್ರಿಕೆ ಮತ್ತೊಬ್ಬ ಹಾಡುಗಾರ್ತಿಗೆ ಪಾಠವಾಗಬಲ್ಲುದು. ಕಮಲಾಪುರದ ಹಳ್ಳಿಗಳಲ್ಲಿ ಬೀಸುವ ಪದ ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.