ತೂಕ ಏರಿಸುವುದು ಹಬ್ಬದ ಸಿಹಿಯೋ, ನಿತ್ಯದ ಚಪಲವೋ?

ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತು ‘ನನಗೆ ಸಿಹಿ ಬೇಡ’ ಎಂದು ಕೈ ಅಡ್ಡ ಹಿಡಿಯುವವರು ನಗರಗಳಲ್ಲಿ ಈಗ ಅಪರೂಪವಲ್ಲ. ತೂಕದ ಭಯವೇ ಇದಕ್ಕೆ ಕಾರಣ. ಭಯ ಆಧಾರರಹಿತವೇನೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 24ರಷ್ಟು ಮಹಿಳೆಯರು ಹಾಗೂ ಶೇ. 22.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಆದರೆ ಇದರ ಹೊಣೆಯನ್ನೆಲ್ಲ ಎಲೆಯ ತುದಿಯ ಸಿಹಿಯ ಮೇಲೆ ಹೊರಿಸುವುದು ಸರಿಯೇ?

ಲೆಕ್ಕ ನೋಡೋಣ. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ, ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ ದೊರೆಯುತ್ತದೆ. ಒಂದು ತುಂಡು ಮೈಸೂರು ಪಾಕ್‌ನಲ್ಲಿ ತಲಾ 15 ಗ್ರಾಂ ತುಪ್ಪ ಮತ್ತು ಸಕ್ಕರೆ ಇದೆಯೆನ್ನಿ. ಕಡಲೆಹಿಟ್ಟೂ ಸೇರಿ ಸುಮಾರು 220 ಕ್ಯಾಲೊರಿ ಆಗುತ್ತದೆ. ದೇಹದಲ್ಲಿ ಒಂದು ಕಿಲೋ ಕೊಬ್ಬು ಶೇಖರವಾಗಲು ಸುಮಾರು 7,700 ಹೆಚ್ಚುವರಿ ಕ್ಯಾಲೊರಿ ಬೇಕು. ಅಗತ್ಯಕ್ಕಿಂತ ಹೆಚ್ಚಾಗಿ ದಿನಕ್ಕೊಂದು ತುಂಡು ತಿಂದರೆ ಇದಕ್ಕೆ 35 ದಿನ ಸಾಕು. ವಾರಕ್ಕೊಂದಾದರೆ 35 ವಾರ. ದೇಹವು ಇಷ್ಟು ಕರಾರುವಾಕ್ಕಾಗಿ ವರ್ತಿಸದಿದ್ದರೂ ಅಂತರ ಸ್ಪಷ್ಟ.

ಇನ್ನು ಸಿಹಿ ನಿರಾಕರಿಸಿದವರ ಕಾಫಿ ಲೋಟದತ್ತ ಗಮನಿಸಿ. ಪ್ರತಿ ಲೋಟಕ್ಕೆ 10 ಗ್ರಾಂ ಸಕ್ಕರೆಯಂತೆ ದಿನಕ್ಕೆ ಮೂರು ಲೋಟವಾದರೆ ವಾರಕ್ಕೆ 840 ಕ್ಯಾಲೊರಿ, ಅಂದರೆ ಸರಿಸುಮಾರು ನಾಲ್ಕು ತುಂಡು ಮೈಸೂರು ಪಾಕ್! ಜೊತೆಗಿನ ಬಿಸ್ಕತ್ತು, ಸಂಜೆಯ ಬಜ್ಜಿ ಬೇರೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರು ಹೆಚ್ಚುವರಿ ಸಕ್ಕರೆಯನ್ನು 50 ಗ್ರಾಂ ಮೀರದಂತೆ, ಸಾಧ್ಯವಾದರೆ 25 ಗ್ರಾಂಗೆ ಇಳಿಸುವುದು ಒಳಿತು ಎಂಬುದು 2015ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ.

ಪೂರ್ಣ ನಿಷೇಧವೂ ಪರಿಹಾರವಲ್ಲ. ತಿಂಗಳುಗಟ್ಟಲೆ ನಾಲಿಗೆ ಕಟ್ಟಿದವರು ಒಂದು ದಿನ ಡಬ್ಬಿಯನ್ನೇ ಬರಿದು ಮಾಡುವುದುಂಟು. ಅದರ ಬದಲು ಊಟದ ಕೊನೆಯಲ್ಲಿ ಒಂದೇ ತುಂಡನ್ನು ನಿಧಾನವಾಗಿ ಸವಿಯಿರಿ. ಅಂದು ಅನ್ನವನ್ನು ತುಸು ಕಡಿಮೆ ಬಡಿಸಿಕೊಳ್ಳಿ. ಸಿಹಿಯ ಡಬ್ಬಿ ಕಣ್ಣೆದುರು ಇರದಿರಲಿ. ಮಧುಮೇಹಿಗಳು ಮಾತ್ರ ವೈದ್ಯರ ಸಲಹೆಯಂತೆಯೇ ನಡೆಯಬೇಕು.

ಮಿತ ಎಂದರೆ ಎಷ್ಟು ತಿಂದೆವೆಂಬುದಷ್ಟೇ ಅಲ್ಲ, ಎಷ್ಟು ದಿನಕ್ಕೊಮ್ಮೆ ತಿಂದೆವೆಂಬುದೂ ಹೌದು.