ಕುಸನೂರು: ನೀಲಗಿರಿಯನ್ನು ಕಿತ್ತ ನೆಲ

ಹುಬ್ಬಳ್ಳಿಯಿಂದ ಹೊರಟು ತಡಸವನ್ನು ದಾಟಿದ ಮೇಲೆ ನೆಲದ ಬಣ್ಣವೂ ಗಾಳಿಯ ಗುಣವೂ ಮೆಲ್ಲಮೆಲ್ಲನೆ ಬದಲಾಗತೊಡಗುವುವು; ಬಯಲುಸೀಮೆಯ ಎರೆಭೂಮಿ ಹಿಂದೆ ಸರಿದು, ಕೆಮ್ಮಣ್ಣಿನ ದಿಣ್ಣೆಗಳೂ ಭತ್ತದ ಗದ್ದೆಗಳೂ ಮಾವಿನ ತೋಪುಗಳೂ ಒಂದರ ಹಿಂದೊಂದಾಗಿ ಎದುರಾಗುವ ಈ ಅರೆಮಲೆನಾಡಿನ ಹಾದಿಯು ಹಾನಗಲ್ಲನ್ನು ಸೇರುವುದು. ತಡಸದಲ್ಲಿ ನಮ್ಮ ಬಸ್ಸು ನಿಷ್ಕಾರಣವಾಗಿ ಬಹಳ ಹೊತ್ತು ನಿಂತಿತು. ಅಲ್ಲಿಯ ಬಿಸಿ ಮಿರ್ಚಿಯ ರುಚಿಯಿಂದ ಆ ಬೇಸರವು ಅರ್ಧದಷ್ಟಾದರೂ ತೀರಿತೆಂದು ಒಪ್ಪಿಕೊಳ್ಳಬೇಕು.

ಹಾನಗಲ್ಲೆಂದರೆ ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ, ಐತಿಹ್ಯದ ವಿರಾಟನಗರ. ತಾರಕೇಶ್ವರ ದೇವಾಲಯದ ಕಮಲಾಕೃತಿಯ ಭುವನೇಶ್ವರಿಯನ್ನು ಕತ್ತೆತ್ತಿ ನೋಡದೆ ಹಿಂದಿರುಗುವವರಿಲ್ಲ. ಧಾರವಾಡ ಜಿಲ್ಲೆಗೆ ಸೇರಿದ್ದ ತಾಲೂಕು 1997ರಲ್ಲಿ ಹಾವೇರಿ ಜಿಲ್ಲೆಗೆ ಬಂದಿತು. ಪ್ರವಾಸಿ ಕೈಪಿಡಿಗಳು ಇಷ್ಟನ್ನು ಹೇಳಿ ವಿರಮಿಸುತ್ತವೆ. ಇದೇ ತಾಲೂಕಿನ ಕುಸನೂರಿನ ಹೆಸರನ್ನು ಅವುಗಳಲ್ಲಿ ಹುಡುಕುವುದು ವ್ಯರ್ಥ.

ಆದರೆ ಪರಿಸರದ ಪ್ರಶ್ನೆಯನ್ನು ಬಡವರ ಅನ್ನದ ಪ್ರಶ್ನೆಯೆಂದು ಕಾಣುವ ವಿದ್ವಾಂಸರು ಈ ಊರನ್ನು ಬಲ್ಲರು. 1984ರ ನವೆಂಬರಿನಲ್ಲಿ ರಾಜ್ಯ ಸರಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ, ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಬೆಳೆಸಲು ಸುಮಾರು 30,000 ಹೆಕ್ಟೇರು ನೆಲವನ್ನು ಕೊಡಲುದ್ಯುಕ್ತವಾಯಿತು. ದಫ್ತರಿನ ಭಾಷೆಯಲ್ಲಿ ಅದು ‘ಸಿ’ ಮತ್ತು ‘ಡಿ’ ವರ್ಗದ ಭೂಮಿ, ಅರ್ಥಾತ್ ಮರವಿಲ್ಲದ ನಿರುಪಯುಕ್ತ ನೆಲ. ಹಳ್ಳಿಗರ ಪಾಲಿಗಾದರೋ ದನ ಮೇಯುವ, ಸೌದೆ ಆಯುವ, ಸೊಪ್ಪು ತರುವ, ನೇಗಿಲಿಗೆ ಕಟ್ಟಿಗೆ ಹುಡುಕುವ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಈ ಹಳ್ಳಿಗರ ಬೆನ್ನಿಗೆ ನಿಂತಿತು. 1986ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗೆ 84 ವರ್ಷ ವಯಸ್ಸಿನ ಶಿವರಾಮ ಕಾರಂತರು ಅರ್ಜಿದಾರರಾಗಿ ಮುಂದೆ ನಿಂತುದು, ಕಾದಂಬರಿಗಳಲ್ಲಿ ಮಣ್ಣನ್ನು ಕುರಿತು ಬರೆದವರು ಮಣ್ಣಿಗಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಬಲ್ಲರೆಂಬುದಕ್ಕೆ ಸಾಕ್ಷಿ.

1987ರ ಮಾರ್ಚ್ 24ರಂದು ತಡೆಯಾಜ್ಞೆ ದೊರಕಿತು. ದಿಲ್ಲಿಯ ಆಜ್ಞೆಯು ಹಳ್ಳಿಯ ದಿಣ್ಣೆಯನ್ನು ಮುಟ್ಟುವಷ್ಟರಲ್ಲಿ ಬಲಗುಂದುವ ಸಂಭವವುಂಟಷ್ಟೆ; ಜನರು ಕಾಗದವನ್ನೊಂದೇ ನಂಬಿ ಕುಳಿತಿರಲಿಲ್ಲ. ಅದೇ ವರ್ಷದ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2,000 ಮಂದಿ ಕೂಡಿ, ಮೆರವಣಿಗೆಯಲ್ಲಿ ನಡೆದು ಹೋಗಿ, ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಸ್ಥಾನದಲ್ಲಿ ಮೇವಿಗೂ ಹಣ್ಣಿಗೂ ಒದಗುವ ಗಿಡಗಳನ್ನು ನೆಟ್ಟು, ಅವುಗಳಿಗೆ ನೀರೆರೆದು ಸಾಕುವೆವೆಂದು ಪ್ರತಿಜ್ಞೆಗೈದರು. ಇದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. 1988ರ ಏಪ್ರಿಲ್ 26ರ ಆಜ್ಞೆಯಲ್ಲಿ ನ್ಯಾಯಾಲಯವು, ಕಟ್ಟುನಿಟ್ಟಾಗಿ ಆ ಎರಡು ವರ್ಗಗಳಿಗೆ ಸೇರಿದ ನೆಲವನ್ನಲ್ಲದೆ ಬೇರೇನನ್ನೂ ವರ್ಗಾಯಿಸಕೂಡದೆಂದಿತು. ಅದು ಅರ್ಧ ಗೆಲುವು ಮಾತ್ರ. 1991ರಲ್ಲಿ ಸರಕಾರವು ಕಂಪನಿಯನ್ನೇ ಮುಚ್ಚಲು ನಿರ್ಧರಿಸಿತು.

ಇದನ್ನೆಲ್ಲ ಕೇಳಲೆಂದು ಹೋದವನಿಗೆ ಅಂದು ದೊರೆತವರು ಒಬ್ಬ ವಯೋವೃದ್ಧ ಬಡಿಗರು. ಸತ್ಯಾಗ್ರಹದ ಮಾತೆತ್ತಿದರೆ ಅವರು ಕಟ್ಟಿಗೆಯ ಮಾತಿಗೇ ತಿರುಗುತ್ತಿದ್ದರು. ಕೂರಿಗೆಯ ದಿಂಡಿಗೂ ತಾಳಿಗೂ ಗಟ್ಟಿ ಜಾಲಿ, ಕಾಳಿಳಿಯುವ ಕೊಳವೆಗೆ ಬಿದಿರು, ಎತ್ತಿನ ಹೆಗಲಿಗೆ ಭಾರವಾಗದಂತೆ ನೊಗಕ್ಕೆ ಹಗುರವಾದ ಮರ, ಈಸಿಗೆ ನೆಟ್ಟಗೆ ಬೆಳೆದ ಕೊಂಬೆ: ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಮರವನ್ನು ಹೆಸರಿಸುತ್ತ, ನಡುನಡುವೆ ಬಾಚಿಯನ್ನು ಕೈಗೆತ್ತಿಕೊಂಡು ತೋರಿಸುತ್ತ, ಅವರು ನನ್ನನ್ನು ಮಧ್ಯಾಹ್ನದವರೆಗೆ ಕೂರಿಸಿಕೊಂಡರು.

“ನೀಲಗಿರಿ ಏನ್ ಉಪಯೋಗಕ್ಕ ಬರತೈತ್ರಿ ಸಾಹೇಬ್ರ? ದನ ಬಾಯಿ ಹಾಕಂಗಿಲ್ಲ. ಒಣಗಿದ ಮ್ಯಾಲ ಸೀಳಿಬಿಡತೈತಿ. ಕಾಗದಾ ಮಾಡವ್ರಿಗೆ ಬೇಕು, ನೂಲು ಮಾಡವ್ರಿಗೆ ಬೇಕು. ನಾವು ಕೂರಿಗಿ ಮಾಡವ್ರು.”

ನ್ಯಾಯವಾದಿಗಳು ‘ಸಿ’ ‘ಡಿ’ ಎಂಬ ಅಕ್ಷರಗಳನ್ನು ಹಿಡಿದು ವರ್ಷಗಟ್ಟಲೆ ನಡೆಸಿದ ವಾದದ ತಿರುಳು ಈ ನಾಲ್ಕು ಮಾತುಗಳಲ್ಲಿ ಅಡಗಿತ್ತೆಂದು ನನಗೆ ತೋರಿತು. ಬರಡು ಎಂಬ ವರ್ಗವು ಆ ನೆಲವನ್ನು ಉಪಯೋಗಿಸದವನು ಬರೆದುದಲ್ಲವೆ? ಆದರೆ ಮುದುಕರ ದೂರು ಈಗ ಕಂಪನಿಯ ಮೇಲಿಲ್ಲ. ಕಂಪನಿ ಹೋಯಿತು, ಟ್ರ್ಯಾಕ್ಟರು ಬಂದಿತು. ಕಬ್ಬಿಣದ ಕೂರಿಗೆ ಪೇಟೆಯಲ್ಲಿ ಸಿದ್ಧವಾಗಿ ಸಿಗುವುದು. ಅವರ ಮಗನು ಬಾಗಿಲು ಚೌಕಟ್ಟುಗಳ ಕೆಲಸಕ್ಕೆ ಹಾನಗಲ್ಲಿಗೆ ಹೋಗುವನು. ಗೋಮಾಳವಿದ್ದರೂ ಅದರ ಅಂಚನ್ನು ಉತ್ತುಕೊಳ್ಳುವವರು ನೆರೆಯವರೇ ಎಂದಾಗ ಅವರ ದನಿ ತಗ್ಗಿತು: “ಊರವ್ರ ಮ್ಯಾಲ ಯಾವ ಕೋರ್ಟಿಗೆ ಹೋಗೋದ್ರಿ?”

ಅಷ್ಟರಲ್ಲಿ ರೈತನೊಬ್ಬನು ಮುರಿದ ತಾಳಿನ ಹಳೆಯ ಕೂರಿಗೆಯೊಂದನ್ನು ಹೆಗಲ ಮೇಲಿರಿಸಿಕೊಂಡು ಬಂದನು. ಬಡಿಗರು ಅದನ್ನು ಹೊರಳಿಸಿ ನೋಡಿ, ಕೂಲಿಯ ಮಾತನ್ನು ಆಮೇಲೆ ಆಡೋಣವೆಂದು, ಮೊದಲು ಜಾಲಿಯ ತುಂಡೊಂದನ್ನು ಎಲ್ಲಿಂದಾದರೂ ಹೊಂದಿಸಿಕೊಂಡು ಬರುವಂತೆ ಅವನಿಗೆ ಹೇಳಿ ಕಳುಹಿಸಿದರು.