ಮನೆಯೊಳಗಿನ ಧ್ವನಿಮುದ್ರಣ: ಮೊದಲ ಕೊಂಡಿ ಗಟ್ಟಿಯಿರಲಿ

ದಾಸಸಾಹಿತ್ಯದ ಚರಿತ್ರೆಯಲ್ಲಿ ರಾಯಚೂರು ಜಿಲ್ಲೆಗೆ ವಿಶೇಷ ಸ್ಥಾನವಿದೆ. ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ ಇದೇ ನೆಲದ ಊರುಗಳು. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರೂ ಈ ಜಿಲ್ಲೆಯವರೇ. ದಾಸರ ಪದ, ತತ್ವಪದ, ಮೊಹರಂ ಪದಗಳ ಸಾಹಿತ್ಯ ಪುಸ್ತಕಗಳಲ್ಲಿ ಸಿಕ್ಕೀತು; ಆದರೆ ಅವುಗಳ ಧಾಟಿ ಉಳಿದಿರುವುದು ಹಿರಿಯರ ಕಂಠದಲ್ಲಿ ಮಾತ್ರ.

ಅಂಥ ಕಂಠವನ್ನು ಹಿಡಿದಿಡಲು ಹಿಂದೆ ಆಕಾಶವಾಣಿಗೋ ದೊಡ್ಡ ನಗರದ ಸ್ಟುಡಿಯೊಗೋ ಹೋಗಬೇಕಿತ್ತು. ಇಂದು ದೇವದುರ್ಗದ ಸಮೀಪದ ಅರಕೇರಾದಂಥ ಊರಿನಲ್ಲೂ ಮನೆಯ ಒಂದು ಕೋಣೆ, ಒಂದು ಮೈಕ್, ಒಂದು ಲ್ಯಾಪ್‌ಟಾಪ್ ಇದ್ದರೆ ಈ ಕೆಲಸ ಸಾಧ್ಯ. ಉಪಕರಣ ಕೊಳ್ಳುವುದು ಸುಲಭ. ಅವುಗಳನ್ನು ಯಾವ ಕ್ರಮದಲ್ಲಿ, ಯಾವ ಮಟ್ಟದಲ್ಲಿ ಜೋಡಿಸಬೇಕೆಂಬುದೇ ಮುಖ್ಯ ಪ್ರಶ್ನೆ. ಗಾಯಕನ ಬಾಯಿಂದ ಹೊರಟ ನಾದ ಕಂಪ್ಯೂಟರಿನ ಕಡತವಾಗುವವರೆಗಿನ ಈ ದಾರಿಯನ್ನು ತಂತ್ರಜ್ಞರು ‘ಸಿಗ್ನಲ್ ಚೈನ್’ ಎನ್ನುತ್ತಾರೆ. ಈ ಸರಪಳಿಯ ಆರಂಭದಲ್ಲಿ ಕೆಟ್ಟದ್ದನ್ನು ಮುಂದಿನ ಯಾವ ಕೊಂಡಿಯೂ ಪೂರ್ತಿಯಾಗಿ ಸರಿಪಡಿಸಲಾರದು.

ಕೋಣೆಯೇ ಮೊದಲ ಕೊಂಡಿ

1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಣಗೊಂಡಾಗ ಮೈಕ್ ಇರಲಿಲ್ಲ. ದೊಡ್ಡದೊಂದು ಕೊಂಬಿನೊಳಕ್ಕೆ ಹಾಡಿದರೆ ಆ ಕಂಪನ ಸೂಜಿಯ ಮೂಲಕ ಮೇಣದ ಮೇಲೆ ಗೀರಾಗುತ್ತಿತ್ತು. ವಿದ್ಯುತ್ ಮುದ್ರಣ ಬಳಕೆಗೆ ಬಂದದ್ದು 1925ರಲ್ಲಿ. ಕೊಂಬು ತನ್ನೆದುರಿನ ಗಟ್ಟಿ ಧ್ವನಿಯನ್ನಷ್ಟೇ ಹಿಡಿಯುತ್ತಿತ್ತು. ಇಂದಿನ ಮೈಕ್ ಇಡೀ ಕೋಣೆಯನ್ನೇ ಕೇಳಿಸಿಕೊಳ್ಳುತ್ತದೆ.

ಕಲ್ಲುಹಾಸಿನ ನೆಲ ಮತ್ತು ಬರಿಗೋಡೆಗಳ ಕೋಣೆಯಲ್ಲಿ ನಾದ ಪುಟಿದು ಮತ್ತೆ ಮೈಕಿಗೆ ಬರುತ್ತದೆ. ಇದಕ್ಕೆ ದುಬಾರಿ ಫೋಮ್ ಹಲಗೆಗಳೇ ಬೇಕೆಂದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿರುವ ದಪ್ಪ ಕೌದಿಗಳನ್ನು ಗಾಯಕನ ಹಿಂದೆ ಮತ್ತು ಪಕ್ಕದಲ್ಲಿ, ಗೋಡೆಯಿಂದ ತುಸು ದೂರದಲ್ಲಿ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿದರೆ ಪ್ರತಿಧ್ವನಿ ಗಣನೀಯವಾಗಿ ತಗ್ಗುತ್ತದೆ. ಫ್ಯಾನ್ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಿರಿಯರನ್ನು ಮಧ್ಯಾಹ್ನ ಮುಚ್ಚಿದ ಕೋಣೆಯಲ್ಲಿ ಕೂರಿಸುವುದು ಸರಿಯಲ್ಲ. ತಂಪೂ ನಿಶ್ಶಬ್ದವೂ ಇರುವ ನಸುಕಿನ ಹೊತ್ತು ಇದಕ್ಕೆ ಯೋಗ್ಯ.

ಮೈಕ್ ಮತ್ತು ಕೇಬಲ್

ಮೈಕ್‌ಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಕಂಡೆನ್ಸರ್ ಮೈಕ್ ಸೂಕ್ಷ್ಮವಾದದ್ದು. ಅದಕ್ಕೆ ಸಾಮಾನ್ಯವಾಗಿ ಕೇಬಲಿನ ಮೂಲಕವೇ 48 ವೋಲ್ಟ್ ವಿದ್ಯುತ್ ಒದಗಿಸಬೇಕಾಗುತ್ತದೆ. ಡೈನಾಮಿಕ್ ಮೈಕಿಗೆ ಇದು ಬೇಕಿಲ್ಲ. ಹತ್ತಿರದಿಂದ ಹಾಡಿದರೆ ಅದು ಸುತ್ತಲಿನ ಸದ್ದನ್ನು ಕಡಿಮೆ ಹಿಡಿಯುವುದರಿಂದ ಸಾಮಾನ್ಯ ಮನೆಯ ಕೋಣೆಗೆ ಅದೇ ಹೆಚ್ಚು ಹೊಂದುತ್ತದೆ. ಬಾಯಿಂದ ಸುಮಾರು 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ನೇರ ಉಸಿರು ತಾಗದಂತೆ ತುಸು ಓರೆಯಾಗಿ ಇರಿಸುವುದು ಒಳ್ಳೆಯದು.

ಮೈಕಿನಿಂದ ಹೊರಬರುವ ವಿದ್ಯುತ್ ಕೆಲವೇ ಮಿಲಿವೋಲ್ಟ್‌ಗಳಷ್ಟು ಕ್ಷೀಣ. ಮೂರು ಪಿನ್ನುಗಳ ಬ್ಯಾಲೆನ್ಸ್ಡ್ ಕೇಬಲಿನಲ್ಲಿ ಎರಡು ತಂತಿಗಳು ಸಂಕೇತವನ್ನು ಒಯ್ಯುತ್ತವೆ. ಹೊರಗಿನ ಅಡಚಣೆ ಎರಡರ ಮೇಲೂ ಒಂದೇ ತೆರನಾಗಿ ಬೀಳುವುದರಿಂದ, ಇನ್ನೊಂದು ತುದಿಯಲ್ಲಿ ಎರಡರ ವ್ಯತ್ಯಾಸವನ್ನು ತೆಗೆದಾಗ ಅದು ರದ್ದಾಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿ ಅಥವಾ ಕೀಬೋರ್ಡಿನ ಸಂಕೇತ ಇದಕ್ಕಿಂತ ಎಷ್ಟೋ ಪಾಲು ಪ್ರಬಲ. ಅದನ್ನು ‘ಲೈನ್’ ದ್ವಾರಕ್ಕೇ ಕೊಡಬೇಕು. ಮೈಕ್ ದ್ವಾರಕ್ಕೆ ಕೊಟ್ಟರೆ ಧ್ವನಿ ಒಡೆಯುತ್ತದೆ.

ಮಟ್ಟದ ಲೆಕ್ಕ

ಮುಂದಿನ ಕೊಂಡಿ ಆಡಿಯೊ ಇಂಟರ್ಫೇಸ್. ಇದರಲ್ಲಿರುವ ಪ್ರೀಆಂಪ್ ಮೈಕಿನ ಸಂಕೇತವನ್ನು 40ರಿಂದ 60 ಡೆಸಿಬಲ್‌ನಷ್ಟು ಹಿಗ್ಗಿಸುತ್ತದೆ. 60 ಡೆಸಿಬಲ್ ಎಂದರೆ ವೋಲ್ಟೇಜ್ ಲೆಕ್ಕದಲ್ಲಿ 1000 ಪಟ್ಟು. ಬಳಿಕ ಅದೇ ಪೆಟ್ಟಿಗೆಯ ಪರಿವರ್ತಕ ಧ್ವನಿಯನ್ನು ಅಂಕಿಗಳಾಗಿಸುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಗಟ್ಟಿಯಾಗಿ ಕೇಳಲೆಂದು ಗೇನ್ ತಿರುಗಣೆಯನ್ನು ಏರಿಸಿದರೆ, ಗಾಯಕ ತಾರಸ್ಥಾಯಿಗೆ ಹೋದೊಡನೆ ಮೀಟರ್ ಸೊನ್ನೆ ಮುಟ್ಟಿ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಅಲ್ಲಿದ್ದ ನಾದ ಎಲ್ಲಿಯೂ ದಾಖಲಾಗಿರುವುದಿಲ್ಲ. ಆದ್ದರಿಂದ ಅತಿ ಎತ್ತರದ ಸ್ವರವನ್ನು ಮೊದಲು ಹಾಡಿಸಿ, ಮೀಟರಿನ ತುದಿ ಮೈನಸ್ 12 ಡೆಸಿಬಲ್ ಆಸುಪಾಸು ನಿಲ್ಲುವಂತೆ ಹೊಂದಿಸಿಕೊಳ್ಳಬೇಕು. 24 ಬಿಟ್ ಮುದ್ರಣದಲ್ಲಿ ಇಷ್ಟು ಅಂತರ ಬಿಟ್ಟರೂ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು.

ಗುಂಯ್‌ಗುಡುವಿಕೆ ಎಲ್ಲಿಂದ?

ಎಲ್ಲ ಸರಿಯಿದ್ದರೂ ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸದ್ದು ಕೇಳಿದರೆ ಅದು ಬಹುಮಟ್ಟಿಗೆ 50 ಹರ್ಟ್ಸ್ ವಿದ್ಯುತ್ತಿನದು. ಉಪಕರಣಗಳು ಬೇರೆ ಬೇರೆ ಸಾಕೆಟ್‌ಗಳ ಮೂಲಕ ಭೂಸಂಪರ್ಕ ಪಡೆದಾಗ ಇದು ಉಂಟಾಗಬಹುದು. ಎಲ್ಲವನ್ನೂ ಒಂದೇ ವಿದ್ಯುತ್ ಪಟ್ಟಿಗೆ ಜೋಡಿಸಿದರೆ ಬಹಳಷ್ಟು ನಿವಾರಣೆಯಾಗುತ್ತದೆ. ಮಣ್ಣು ಒಣಗಿದರೆ ಭೂಸಂಪರ್ಕ ದುರ್ಬಲವಾಗುವುದರಿಂದ, ಎರೆಭೂಮಿ ಬಿರಿಯುವ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರುಣಿಸಬೇಕು. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಕೀಳುವುದು ಮಾತ್ರ ಪ್ರಾಣಾಪಾಯಕ್ಕೆ ದಾರಿ.

ಸರಳವಾದ ಇನ್ನೊಂದು ಉಪಾಯವೂ ಇದೆ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ, ಯುಎಸ್‌ಬಿಯಿಂದಲೇ ಶಕ್ತಿ ಪಡೆಯುವ ಇಂಟರ್ಫೇಸ್ ಬಳಸಿದರೆ ಮನೆಯ ವಿದ್ಯುತ್ ಜಾಲದ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಕರೆಂಟ್ ಹೋದ ಹೊತ್ತೇ ಧ್ವನಿಮುದ್ರಣಕ್ಕೆ ಪ್ರಶಸ್ತವಾದೀತು!

ಕೇಳುವಿಕೆ ಮತ್ತು ಕಾಪಿಡುವಿಕೆ

ಹಾಡುವಾಗ ಸ್ಪೀಕರ್ ಮುಚ್ಚಿರಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ತಮ್ಮ ಧ್ವನಿ ತಮಗೇ ತಡವಾಗಿ ಕೇಳಿದರೆ ಗಾಯಕರು ತಾಳ ತಪ್ಪುತ್ತಾರೆ. ಆದ್ದರಿಂದ ಇಂಟರ್ಫೇಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಗುಂಡಿ ಇದ್ದರೆ ಅದನ್ನೇ ಬಳಸುವುದು ಲೇಸು. ಹೆಡ್‌ಫೋನ್ ರೂಢಿಯಿಲ್ಲದ ಹಿರಿಯರಿಗೆ ಒತ್ತಾಯ ಬೇಡ. ಏಕತಾರಿ ಹಿಡಿದು ತಮ್ಮ ಅಭ್ಯಾಸದಂತೆ ಹಾಡಲಿ. ಮೈಕ್ ಅವರಿಗೆ ಹೊಂದಿಕೊಳ್ಳಲಿ.

ಮುದ್ರಣಕ್ಕೆ ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಮೂಲ ಕಡತವನ್ನು ಎಂಪಿ3 ಆಗಿ ಕುಗ್ಗಿಸದೆ ವೇವ್ ರೂಪದಲ್ಲೇ ಇಡಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನ ಒಂಟಿ ಮೈಕಿನ ಮುದ್ರಣ ಗಂಟೆಗೆ ಸುಮಾರು 520 ಮೆಗಾಬೈಟ್ ಜಾಗ ಬೇಡುತ್ತದೆ. ಬೇರೆ ಬೇರೆ ಕಡೆ ಎರಡು ಪ್ರತಿ ಇರಲಿ. ಹಾಡಿದವರ ಹೆಸರು, ಊರು, ದಿನಾಂಕ, ಪದವನ್ನು ಯಾರಿಂದ ಕಲಿತರೆಂಬ ಮಾತು ಅದೇ ಮುದ್ರಣದ ಆರಂಭದಲ್ಲಿ ಅವರ ಬಾಯಲ್ಲೇ ಬರಲಿ. ಎಲ್ಲಿಯಾದರೂ ಪ್ರಸಾರ ಮಾಡುವುದಿದ್ದರೆ ಅವರ ಒಪ್ಪಿಗೆಯನ್ನೂ ಆಗಲೇ ಪಡೆಯಬೇಕು. ಕೊನೆಗೆ, ಗಾಯಕರು ಮನೆಗೆ ಹೊರಡುವ ಮುನ್ನ ಇಡೀ ಮುದ್ರಣವನ್ನೊಮ್ಮೆ ಅವರೊಡನೆ ಕೂತು ಕೇಳುವುದು ಕಡ್ಡಾಯ. ದೋಷವಿದ್ದರೆ ಮತ್ತೆ ಹಾಡಿಸಲು ಆಗ ಮಾತ್ರ ಅವಕಾಶವಿರುತ್ತದೆ.